ಕರುಳಿನ ಉರಿಯೂತ: ಹುಟ್ಟಿನಿಂದ ಬರುವುದೆಷ್ಟು?



ಈ ಸಾಲಿನ ಉಪನ್ಯಾಸಕ್ಕೆ ಕರುಳಿನ ವಿಷಯ ಆರಿಸಿಕೊಂಡಿದ್ದೇನೆ ಎಂದಾಗ ಸಂಘಟಕರೊಬ್ಬರು, ‘ಸಾರ್, ಹೃದಯದ ಬಗ್ಗೆ ಮಾತಾಡಬಹುದಿತ್ತಲ್ಲ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹೃದಯದ ಕಾಯಿಲೆಯನ್ನು ನಮ್ಮ ಜನ ನಾಲ್ಕು ಜನರ ಎದುರು ಹೇಳಿಕೊಳ್ಳುತ್ತಾರೆ. ಕರುಳಿನ ಕಾಯಿಲೆಯನ್ನು ಮನೆಯವರಿಗೂ ಹೇಳುವುದಿಲ್ಲ. ಮಲದಲ್ಲಿ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಇರಬೇಕು ಅಂದುಕೊಂಡು ವರ್ಷಗಟ್ಟಲೆ ನಾಟಿ ಔಷಧ ನುಂಗಿ, ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿ ತಲೆ ಸುತ್ತು ಬಂದ ಮೇಲೆ ಆಸ್ಪತ್ರೆಗೆ ಬರುವವರು ಈಗಲೂ ಇದ್ದಾರೆ. ಸಂಕೋಚ ಬಿಟ್ಟು ಮಾತಾಡಲು ಇಂಥ ವೇದಿಕೆಯೇ ಸರಿ ಅನಿಸಿತು.

ಮೊದಲೇ ನನ್ನ ಮಾತಿನ ಎಲ್ಲೆ ಹೇಳಿಬಿಡುತ್ತೇನೆ. ವೈದ್ಯರು ಐಬಿಡಿ ಎಂದು ಕರೆಯುವ, ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಯಲ್ಲಿ ಜೀನ್‌ಗಳ, ಅಂದರೆ ವಂಶವಾಹಿಗಳ, ಪಾತ್ರ ಎಷ್ಟು ಎಂಬುದು ಇಂದಿನ ವಿಷಯ. ಕುಟುಂಬಗಳನ್ನೂ ಅವಳಿಗಳನ್ನೂ ನೋಡಿ ತಿಳಿದದ್ದೇನು ಎಂಬಲ್ಲಿಂದ ಶುರುಮಾಡಿ, 2001ರಲ್ಲಿ ಸಿಕ್ಕ ಮೊದಲ ಜೀನಿಗೆ ಬರುತ್ತೇನೆ. ಆಮೇಲೆ ನೂರಾರು ಸಣ್ಣ ಸಣ್ಣ ವ್ಯತ್ಯಾಸಗಳು ಮತ್ತು ಪರಿಸರದ ಮಾತು. ಕೊನೆಗೆ, ಇದರಿಂದ ರೋಗಿಗೆ ಏನು ಪ್ರಯೋಜನ ಎಂಬುದು. ಪಥ್ಯ, ಮಜ್ಜಿಗೆ, ಯೋಗ ಇವುಗಳ ಬಗ್ಗೆ ನಿಮ್ಮಲ್ಲಿ ಪ್ರಶ್ನೆಗಳಿರುತ್ತವೆ ಎಂದು ಗೊತ್ತು. ಅವು ಬೇರೆ ಉಪನ್ಯಾಸಕ್ಕಿರಲಿ. ಹಾಗೆಯೇ, ಹೊಟ್ಟೆ ಹಿಡಿದು ಬಿಡುವ, ಟೆನ್ಷನ್ ಆದಾಗ ಕೆರಳುವ ಐಬಿಎಸ್ ಬೇರೆ, ಐಬಿಡಿ ಬೇರೆ. ಹೆಸರು ಹತ್ತಿರವಿರುವುದರಿಂದ ಗೊಂದಲವಾಗುತ್ತದೆ. ಐಬಿಎಸ್‌ನಲ್ಲಿ ಕರುಳಿನಲ್ಲಿ ಹುಣ್ಣಾಗುವುದಿಲ್ಲ.

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಮೊದಲನೆಯದು ಅಲ್ಸರೇಟಿವ್ ಕೊಲೈಟಿಸ್. 1859ರಲ್ಲಿ ಲಂಡನ್ನಿನ ಸ್ಯಾಮುಯೆಲ್ ವಿಲ್ಕ್ಸ್ ಆಮಶಂಕೆಯಿಂದ ಅದನ್ನು ಬೇರೆ ಮಾಡಿ ವರ್ಣಿಸಿದರು. ಅದು ಗುದನಾಳದಲ್ಲಿ ಶುರುವಾಗಿ ದೊಡ್ಡ ಕರುಳಿನಲ್ಲಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ, ಸಣ್ಣ ಕರುಳಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಕೊಲೊನೋಸ್ಕೋಪಿ ಮಾಡುವಾಗ ಆರೋಗ್ಯವಂತ ಕರುಳಿನ ಒಳಮೈ ತಿಳಿ ಗುಲಾಬಿ ಬಣ್ಣದ್ದಾಗಿ, ಅದರ ಕೆಳಗೆ ಸಣ್ಣ ರಕ್ತನಾಳಗಳ ಜಾಲ ಸ್ಪಷ್ಟವಾಗಿ ಕಾಣುತ್ತದೆ. ಈ ಕಾಯಿಲೆಯಲ್ಲಿ ಮೊದಲು ಮಾಯವಾಗುವುದೇ ಆ ಜಾಲ. ಒಳಮೈ ಕೆಂಪೇರಿ ಊದಿಕೊಂಡಿರುತ್ತದೆ, ನಳಿಕೆ ತಾಗಿದರೆ ಸಾಕು ರಕ್ತ ಜಿನುಗುತ್ತದೆ.

ಎರಡನೆಯದು ಕ್ರೋನ್ಸ್ ಕಾಯಿಲೆ. ಅದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗ ಅದರ ಮೆಚ್ಚಿನ ನೆಲೆ. ಒಂದಷ್ಟು ದೂರ ಕರುಳು ಚೆನ್ನಾಗಿರುತ್ತದೆ, ಆಮೇಲೆ ಆಳವಾದ ಉದ್ದುದ್ದ ಹುಣ್ಣು, ಮತ್ತೆ ಚೆನ್ನಾದ ಭಾಗ. ಉರಿಯೂತ ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುವುದರಿಂದ ಕರುಳು ಕಿರಿದಾಗುತ್ತದೆ, ಕೆಲವರಲ್ಲಿ ತೂತು ಬಿದ್ದು ಪಕ್ಕದ ಅಂಗಕ್ಕೋ ಚರ್ಮಕ್ಕೋ ದಾರಿಯಾಗುತ್ತದೆ. ಗ್ಲಾಸ್ಗೋದ ಸರ್ಜನ್ ಕೆನೆಡಿ ಡಾಲ್ಜೀಲ್ 1913ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಆದರೆ 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಮೂವರು 14 ರೋಗಿಗಳ ವರದಿ ಪ್ರಕಟಿಸಿದಾಗ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಅಚ್ಚುಹಾಕಿದರು. ಕ್ರೋನ್ ಮೊದಲು ಬಂದರು, ಕಾಯಿಲೆಗೆ ಅವರ ಹೆಸರು ಉಳಿಯಿತು. ಡಾಲ್ಜೀಲ್‌ರನ್ನು ಈಗ ನೆನೆಯುವವರು ಸ್ಕಾಟ್ಲೆಂಡಿನವರು ಮತ್ತು ನಮ್ಮಂಥ ಮೇಷ್ಟ್ರುಗಳು ಮಾತ್ರ.

ಈ ಉರಿಯೂತ ಏಕೆ ಆಗುತ್ತದೆ? ಕರುಳಿನ ಒಳಮೈಯನ್ನು ಹೊದ್ದಿರುವುದು ಒಂದೇ ಒಂದು ಸಾಲು ಕೋಶಗಳು. ಅದರ ಆಚೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾ, ಈಚೆ ದೇಹದ ರೋಗನಿರೋಧಕ ಪಡೆಯ ದೊಡ್ಡ ಪಾಲು. ಇಷ್ಟು ಹತ್ತಿರವಿದ್ದೂ ಜಗಳವಾಗದಿರುವುದೇ ಸೋಜಿಗ. ಮನೆಯ ನಾಯಿ ದಿನಾ ಬರುವ ಹಾಲಿನವನಿಗೆ ಬೊಗಳದೆ ಅಪರಿಚಿತನಿಗೆ ಮಾತ್ರ ಬೊಗಳುವ ಹಾಗೆ, ಕರುಳಿನ ರೋಗನಿರೋಧಕ ವ್ಯವಸ್ಥೆಗೂ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ವಿವೇಚನೆ ಇರಬೇಕು. ಐಬಿಡಿಯಲ್ಲಿ ಕೆಡುವುದು ಆ ವಿವೇಚನೆ. ಅದನ್ನು ಕಟ್ಟಿಕೊಡುವ ಪ್ರೋಟೀನುಗಳ ಸೂಚನೆ ಜೀನ್‌ಗಳಲ್ಲಿದೆ, ಮತ್ತು ಆ ಸೂಚನೆ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಇನ್ನು ಮುಂದಿನ ಮಾತೆಲ್ಲ ಇದರ ಸುತ್ತ.

ಈಗ ಮೊದಲನೆಯ ವಿಷಯಕ್ಕೆ, ಅಂದರೆ ಕುಟುಂಬಕ್ಕೆ ಬರುತ್ತೇನೆ.

ಕಾಯಿಲೆ ಖಚಿತವಾದ ದಿನ ಹೊರರೋಗಿ ವಿಭಾಗದಲ್ಲಿ ಎರಡು ಮಾತು ಕೇಳಿಬರುತ್ತವೆ. ‘ನಮ್ಮ ಮಕ್ಕಳಿಗೂ ಬರುತ್ತಾ ಡಾಕ್ಟ್ರೇ?’ ಎಂಬುದು ರೋಗಿಯ ಪ್ರಶ್ನೆ. ‘ನಮ್ಮ ಮನೆತನದಲ್ಲಿ ಯಾರಿಗೂ ಇಂಥದ್ದು ಇರಲಿಲ್ಲ’ ಎಂಬುದು, ರೋಗಿ ಸೊಸೆಯಾಗಿದ್ದರೆ, ಪಕ್ಕದಲ್ಲಿ ಕೂತ ಅತ್ತೆಯ ಮಾತು. ಎರಡನೆಯದು ಪ್ರಶ್ನೆಯಲ್ಲ, ತೀರ್ಪು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಐಬಿಡಿ ಇರುವವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಅದು ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪೂರ್ವ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಈ ಕಾಯಿಲೆ ಸುತ್ತಲಿನವರಿಗಿಂತ ಹೆಚ್ಚೆಂಬುದೂ ಬಹಳ ಹಿಂದಿನಿಂದ ಗೊತ್ತಿತ್ತು. ಆದರೆ ಒಂದೇ ಮನೆಯವರು ಜೀನ್ ಮಾತ್ರವಲ್ಲ, ಅಡುಗೆಮನೆ, ನೀರು, ಅಪ್ಪನ ಸಿಗರೇಟಿನ ಹೊಗೆ ಎಲ್ಲವನ್ನೂ ಹಂಚಿಕೊಂಡಿರುತ್ತಾರೆ. ಬಿಡಿಸಿ ನೋಡಬೇಕಾದರೆ ಅವಳಿಗಳು ಬೇಕು. 1988ರಲ್ಲಿ ಸ್ವೀಡನ್ನಿನ ವೈದ್ಯರು ತಮ್ಮ ದೇಶದ ಅವಳಿಗಳ ದಾಖಲೆಯನ್ನೂ ಆಸ್ಪತ್ರೆಗಳ ದಾಖಲೆಯನ್ನೂ ಒಟ್ಟಿಗೆ ಇಟ್ಟು ನೋಡಿದರು. ಒಂದೇ ಅಂಡದಿಂದ ಹುಟ್ಟಿದ, ಜೀನ್‌ಗಳೆಲ್ಲ ಒಂದೇ ಆಗಿರುವ 18 ಜೋಡಿಗಳಲ್ಲಿ ಕ್ರೋನ್ಸ್ ಕಾಯಿಲೆ ಇತ್ತು. ಅವುಗಳಲ್ಲಿ 8 ಜೋಡಿಗಳಲ್ಲಿ ಇಬ್ಬರಿಗೂ ಇತ್ತು. ಬೇರೆ ಬೇರೆ ಅಂಡದಿಂದ ಹುಟ್ಟಿದ 26 ಜೋಡಿಗಳಲ್ಲಿ ಇಬ್ಬರಿಗೂ ಇದ್ದದ್ದು ಒಂದೇ ಜೋಡಿಗೆ. ಅಲ್ಸರೇಟಿವ್ ಕೊಲೈಟಿಸ್ ಕಥೆ ಬೇರೆ: ತದ್ರೂಪಿ ಅವಳಿಗಳ 16 ಜೋಡಿಗಳಲ್ಲೂ ಇಬ್ಬರಿಗೂ ಬಂದದ್ದು ಒಂದು ಜೋಡಿಗೆ ಮಾತ್ರ.

ಸಣ್ಣ ಸಂಖ್ಯೆಗಳು, ನಿಜ. ಆದರೂ ಇವುಗಳಿಂದ ಹೊರಟ ಎರಡು ತೀರ್ಮಾನಗಳನ್ನು ಆಮೇಲಿನ ದೊಡ್ಡ ಅಧ್ಯಯನಗಳು ಅಲ್ಲಗಳೆದಿಲ್ಲ. ಜೀನ್‌ಗಳ ಪಾತ್ರ ಇದೆ, ಮತ್ತು ಅದು ಕೊಲೈಟಿಸ್‌ಗಿಂತ ಕ್ರೋನ್ಸ್‌ನಲ್ಲಿ ಹೆಚ್ಚು. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಜೀನ್‌ಗಳೆಲ್ಲ ಒಂದೇ ಆಗಿದ್ದರೂ ಅರ್ಧಕ್ಕಿಂತ ಹೆಚ್ಚು ಜೋಡಿಗಳಲ್ಲಿ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರಲಿಲ್ಲ. ಆದ್ದರಿಂದ ಆ ರೋಗಿಗೆ ನಾನು ಹೇಳುವುದು, ತಂದೆ ಅಥವಾ ತಾಯಿ ಒಬ್ಬರಿಗೆ ಐಬಿಡಿ ಇದ್ದರೂ ಅವರ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಅದು ಬರುವುದಿಲ್ಲ. ಮಕ್ಕಳು ಬೇಡವೆಂದುಕೊಳ್ಳಲು ಇದು ಕಾರಣವಲ್ಲ. ಅತ್ತೆಯವರಿಗೆ ಹೇಳುವುದು, ಈ ಕಾಯಿಲೆ ಬಂದ ಹೆಚ್ಚಿನವರ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಅದರಲ್ಲಿ ವಿಶೇಷವೇನಿಲ್ಲ. ಬಹುತೇಕ ಅತ್ತೆಯಂದಿರು ಇದನ್ನು ಪೂರ್ತಿ ಒಪ್ಪಿಕೊಳ್ಳುವುದಿಲ್ಲ.

ಎರಡನೆಯ ವಿಷಯ ಇಂದಿನ ಮಾತಿನ ನಡುಭಾಗ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

1996ರಲ್ಲಿ ಪ್ಯಾರಿಸ್ಸಿನ ಜಾನ್-ಪಿಯೆರ್ ಉಗೋ ಮತ್ತು ಸಂಗಡಿಗರು, ಒಬ್ಬರಿಗಿಂತ ಹೆಚ್ಚು ರೋಗಿಗಳಿರುವ ಕುಟುಂಬಗಳನ್ನು ಕಲೆಹಾಕಿ, ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಒಂದು ಜಾಗ 16ನೇ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. ಜಾಗ ಗೊತ್ತಾಯಿತು, ಜೀನ್ ಯಾವುದೆಂದು ಗೊತ್ತಾಗಲು ಐದು ವರ್ಷ ಹಿಡಿಯಿತು. 2001ರ ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಅದೇ ಜೀನಿನ ಹೆಸರು ಹೇಳಿದವು. ಒಂದು ಉಗೋ ಅವರ ತಂಡ. ಇನ್ನೊಂದು ಅಮೆರಿಕದ ಗೇಬ್ರಿಯೆಲ್ ನುನ್ಯೆಜ್, ಜೂಡಿ ಚೋ ಮೊದಲಾದವರದು. ಜೀನಿನ ಹೆಸರು ನಾಡ್-2.

ನಾಡ್-2 ಪ್ರೋಟೀನಿನ ಕೆಲಸ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಒಂದು ತುಣುಕನ್ನು ಗುರುತಿಸುವುದು. ಬಿಳಿ ರಕ್ತಕಣಗಳ ಕೆಲವು ಬಗೆಗಳಲ್ಲೂ, ಸಣ್ಣ ಕರುಳಿನ ಸಣ್ಣ ಕುಳಿಗಳ ತಳದಲ್ಲಿರುವ ಪ್ಯಾನೆತ್ ಕೋಶಗಳಲ್ಲೂ ಅದು ಇದೆ. ಸೂಕ್ಷ್ಮದರ್ಶಕದಲ್ಲಿ ಈ ಪ್ಯಾನೆತ್ ಕೋಶಗಳನ್ನು ಗುರುತಿಸುವುದು ನಮ್ಮ ವಿದ್ಯಾರ್ಥಿಗಳಿಗೂ ಸುಲಭ. ಒಡಲ ತುಂಬ ಕೆಂಪು ಕಾಳುಗಳಿರುತ್ತವೆ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಪದಾರ್ಥ ಆ ಕಾಳುಗಳಲ್ಲಿದೆ.

ಈ ಜೀನಿನಲ್ಲಿ ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೂರು ವ್ಯತ್ಯಾಸಗಳು ಮುಖ್ಯವಾದವು. ಒಂದನ್ನು ಹತ್ತಿರದಿಂದ ನೋಡೋಣ. ಡಿಎನ್‌ಎ ಬರಹದಲ್ಲಿ ಒಂದು ‘ಸಿ’ ಅಕ್ಷರ ಹೆಚ್ಚಿಗೆ ಸೇರಿಕೊಂಡಿದೆ. ಕೋಶ ಮೂರು ಮೂರು ಅಕ್ಷರ ಸೇರಿಸಿ ಓದುವುದರಿಂದ ಅಲ್ಲಿಂದ ಮುಂದೆ ಓದೆಲ್ಲ ತಪ್ಪಿ, ಸ್ವಲ್ಪದರಲ್ಲೇ ನಿಂತುಹೋಗುತ್ತದೆ. 1,040 ಅಮೈನೊ ಆಮ್ಲಗಳಿರಬೇಕಾದ ಪ್ರೋಟೀನಿನ ಕೊನೆಯ 33 ಇರುವುದೇ ಇಲ್ಲ. ಬ್ಯಾಕ್ಟೀರಿಯಾದ ತುಣುಕನ್ನು ಹಿಡಿಯಬೇಕಾದ ಭಾಗವೇ ಅಲ್ಲಿ ಮೊಟಕಾಗಿದೆ.

ಇಲ್ಲೊಂದು ವಿರೋಧಾಭಾಸ ಕಾಣುತ್ತದೆ. ಬ್ಯಾಕ್ಟೀರಿಯಾವನ್ನು ಗುರುತಿಸುವ ಶಕ್ತಿ ಕುಂದಿದರೆ ಉರಿಯೂತ ಕಡಿಮೆಯಾಗಬೇಕಲ್ಲ, ಹೆಚ್ಚುವುದೇಕೆ? ಈ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ: ಹೊಸ್ತಿಲಲ್ಲೇ ಸದ್ದಿಲ್ಲದೆ ಮುಗಿಯಬೇಕಿದ್ದ ಕೆಲಸ ಮುಗಿಯುವುದಿಲ್ಲ, ಬ್ಯಾಕ್ಟೀರಿಯಾ ಒಳಪದರಕ್ಕೆ ಅಂಟಿಕೊಂಡು ಒಳಗೆ ನುಸುಳುತ್ತವೆ, ಆಗ ಹಿಂದಿನ ಸಾಲಿನ ಪಡೆಗಳು ತಡವಾಗಿ, ಮಿತಿಮೀರಿ ಮೇಲೆ ಬೀಳುತ್ತವೆ. ಅಂದರೆ ಮೊದಲ ಕೊರತೆ ರಕ್ಷಣೆಯಲ್ಲಿ. ಉರಿಯೂತ ಅದರ ಪರಿಣಾಮ.

ನಾಡ್-2ರ ಇಂಥ ವ್ಯತ್ಯಾಸದ ಒಂದು ಪ್ರತಿ ಇದ್ದರೆ ಕ್ರೋನ್ಸ್ ಬರುವ ಸಂಭವ ಎರಡರಿಂದ ನಾಲ್ಕು ಪಟ್ಟು. ತಂದೆಯಿಂದೊಂದು, ತಾಯಿಯಿಂದೊಂದು ಎರಡೂ ಬಂದಿದ್ದರೆ ಇಪ್ಪತ್ತು ಪಟ್ಟು, ಇನ್ನೂ ಹೆಚ್ಚು ಎಂದು ಮೊದಲ ಅಧ್ಯಯನಗಳು ಹೇಳಿದವು. ಇಪ್ಪತ್ತು ಪಟ್ಟು ಎಂದ ಕೂಡಲೇ ಎದೆ ಝಲ್ಲೆನ್ನುತ್ತದೆ. ಸ್ವಲ್ಪ ಲೆಕ್ಕ ಹಾಕಿ. ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ, ಇಪ್ಪತ್ತು ಪಟ್ಟು ಎಂದರೆ ಸಾವಿರಕ್ಕೆ ಇಪ್ಪತ್ತು. ಉಳಿದ 980 ಜನ ಎರಡೂ ಪ್ರತಿಗಳನ್ನು ಹೊತ್ತು ಸುಖವಾಗಿ ಉಂಡುಕೊಂಡಿರುತ್ತಾರೆ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ ‘ಇಷ್ಟು ಪಟ್ಟು ಅಪಾಯ’ ಎಂದು ಓದಿದಾಗಲೆಲ್ಲ ಈ ಲೆಕ್ಕ ಮಾಡಿ ನೋಡಬೇಕೆಂದು ನನ್ನ ವಿನಂತಿ.

ಇನ್ನು ನಮ್ಮ ವಿಷಯ. 2002ರಲ್ಲಿ ಜಪಾನಿನವರು ತಮ್ಮ ರೋಗಿಗಳಲ್ಲಿ ಈ ಮೂರು ವ್ಯತ್ಯಾಸಗಳನ್ನು ಹುಡುಕಿದರು. ಒಂದೂ ಸಿಗಲಿಲ್ಲ. ಚೀನಾದಲ್ಲಿ, ಕೊರಿಯಾದಲ್ಲಿ ಇದೇ ಫಲಿತಾಂಶ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ದಕ್ಷಿಣ ಭಾರತದ ರೋಗಿಗಳಲ್ಲಿ ಹುಡುಕಿದಾಗಲೂ ಇವು ಹೆಚ್ಚುಕಡಿಮೆ ಇಲ್ಲವೆಂದೇ ಆಯಿತು. ಯುರೋಪಿನ ಪಠ್ಯಪುಸ್ತಕದಲ್ಲಿ ಮೊದಲ ಸ್ಥಾನದಲ್ಲಿರುವ ಜೀನ್ ವ್ಯತ್ಯಾಸ ನಮ್ಮಲ್ಲಿಲ್ಲ; ಕಾಯಿಲೆ ಮಾತ್ರ ನಮ್ಮಲ್ಲಿದೆ, ಹೆಚ್ಚುತ್ತಲೂ ಇದೆ. ಅದು ಇಲ್ಲಿ ಅಪರೂಪವೂ ಅಲ್ಲ. ಲುಧಿಯಾನದ ಅಜಿತ್ ಸೂದ್ ಅವರ ತಂಡ ಪಂಜಾಬಿನಲ್ಲಿ ಮನೆಮನೆ ಸಮೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ ಪ್ರಕಾರ ಅಲ್ಸರೇಟಿವ್ ಕೊಲೈಟಿಸ್ ಲಕ್ಷಕ್ಕೆ 44ರಷ್ಟು ಜನರಲ್ಲಿತ್ತು.

ಇದರಿಂದ ಕಲಿಯಬೇಕಾದ್ದು ಬಹಳ. ಎಲ್ಲೋ ಯಾರದೋ ರಕ್ತದಲ್ಲಿ ಹುಡುಕಿ ಮಾಡಿದ ಪಟ್ಟಿ ಹಿಡಿದು ನಮ್ಮವರ ಅಪಾಯವನ್ನು ಅಳೆಯಲಾಗದು. ನಾಡ್-2 ವರದಿ ‘ನಾರ್ಮಲ್’ ಬಂದಿದೆಯೆಂದು ನಮ್ಮ ರೋಗಿಯೊಬ್ಬ ನಿಶ್ಚಿಂತನಾದರೆ ಅದಕ್ಕೆ ಅರ್ಥವಿಲ್ಲ; ಬಹುತೇಕ ನಮ್ಮೆಲ್ಲರ ವರದಿಯೂ ನಾರ್ಮಲ್ಲೇ.

ಹಾಗೆಂದು ಆ ಜೀನಿಗೂ ನಮಗೂ ಸಂಬಂಧವೇ ಇಲ್ಲವೆಂದಲ್ಲ. 2009ರಲ್ಲಿ ಚೀನಾದಲ್ಲಿ ಕುಷ್ಠರೋಗಿಗಳ ಜೀನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಎದುರಾದದ್ದು ಯಾವುದು? ಅದೇ ನಾಡ್-2, ಅದರ ಜೊತೆಗಾರ ರಿಪ್ಕೆ-2, ಮತ್ತು ಕ್ರೋನ್ಸ್‌ನಲ್ಲಿ ಹೆಸರಾದ ಇನ್ನೊಂದೆರಡು. ವ್ಯತ್ಯಾಸಗಳು ಬೇರೆ, ಜೀನ್‌ಗಳು ಅವೇ. 2012ರ ಅಂತರರಾಷ್ಟ್ರೀಯ ಅಧ್ಯಯನವೂ ಐಬಿಡಿಯ ಜೀನ್‌ಗಳಿಗೂ ಕ್ಷಯ, ಕುಷ್ಠದಂಥ ಮೈಕೊಬ್ಯಾಕ್ಟೀರಿಯಾ ಸೋಂಕುಗಳನ್ನು ಎದುರಿಸುವ ಜೀನ್‌ಗಳಿಗೂ ಗಮನಾರ್ಹ ನಂಟು ಕಂಡಿತು. ಕ್ಷಯ ಮತ್ತು ಕುಷ್ಠದ ನಾಡಿನಲ್ಲಿ ಕೆಲಸ ಮಾಡುವ ನಮಗೆ ಇದು ಬರೀ ಪುಸ್ತಕದ ಮಾತಲ್ಲ. ಕರುಳಿನ ಕ್ಷಯವೂ ಕ್ರೋನ್ಸೂ ಒಂದೇ ಜಾಗವನ್ನು ಹಿಡಿಯುತ್ತವೆ, ಕೊಲೊನೋಸ್ಕೋಪಿಯಲ್ಲೂ ಬಯಾಪ್ಸಿಯಲ್ಲೂ ಒಂದನ್ನೊಂದು ಹೋಲುತ್ತವೆ. ತೀರ್ಮಾನಿಸಲಾಗದೆ ಮೊದಲು ಟಿಬಿ ಮಾತ್ರೆ ಕೊಟ್ಟು ಕೆಲವು ತಿಂಗಳು ಕಾದು ನೋಡುವ ಪರಿಸ್ಥಿತಿ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯ. ಎರಡು ಕಾಯಿಲೆಗಳು ಹೀಗೆ ಜೀನ್‌ಗಳ ಮಟ್ಟದಲ್ಲೂ ನೆರೆಹೊರೆಯವಾಗಿರುವುದು, ಎಷ್ಟೋ ವರ್ಷ ಅವುಗಳ ನಡುವೆ ಒದ್ದಾಡಿದ ನನಗೆ ಅಚ್ಚರಿಯನ್ನೇನೂ ತರಲಿಲ್ಲ.

ಈಗ ಮೂರನೆಯ ವಿಷಯ.

ನಾಡ್-2 ಸಿಕ್ಕಾಗ, ಇನ್ನೊಂದು ನಾಲ್ಕೈದು ಇಂಥವು ಸಿಕ್ಕರೆ ಕಾಯಿಲೆಯ ಗುಟ್ಟು ರಟ್ಟಾಯಿತು ಎಂಬ ಹುರುಪಿತ್ತು. ಹಾಗಾಗಲಿಲ್ಲ. ಸಾವಿರಾರು ರೋಗಿಗಳ ಮತ್ತು ಆರೋಗ್ಯವಂತರ ಡಿಎನ್‌ಎಯನ್ನು ಲಕ್ಷಾಂತರ ಜಾಗಗಳಲ್ಲಿ ಒಮ್ಮೆಲೇ ಹೋಲಿಸುವ ವಿಧಾನ ಬಂದ ಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. 2012ರ ಹೊತ್ತಿಗೆ 75,000ಕ್ಕೂ ಹೆಚ್ಚು ಜನರ ಮಾದರಿಗಳಿಂದ 163 ಜಾಗಗಳು ಸಿಕ್ಕಿದವು. ಅವುಗಳಲ್ಲಿ 110 ಎರಡೂ ಕಾಯಿಲೆಗಳಿಗೆ ಸಮಾನ. 2015ರಲ್ಲಿ ಪೂರ್ವ ಏಷ್ಯಾ, ಇರಾನ್ ಮತ್ತು ಭಾರತದ ಸುಮಾರು 10,000 ಜನರನ್ನೂ ಸೇರಿಸಿಕೊಂಡಾಗ ಇನ್ನೂ 38 ಸೇರಿದವು. ಒಂದೊಂದರ ಪ್ರಭಾವ ನೋಡಿದರೆ ಬಹಳ ಚಿಕ್ಕದು. 163ನ್ನೂ ಒಟ್ಟು ಹಾಕಿದರೂ, ಜನರ ನಡುವೆ ಕಾಯಿಲೆಯ ಸಂಭವದಲ್ಲಿ ಇರುವ ವ್ಯತ್ಯಾಸದಲ್ಲಿ ಕ್ರೋನ್ಸ್‌ನ 13.6 ಶೇಕಡ, ಕೊಲೈಟಿಸ್‌ನ 7.5 ಶೇಕಡ ಮಾತ್ರ ವಿವರಿಸಲು ಸಾಧ್ಯವಾಯಿತು.

ಈ ಪಟ್ಟಿಯ ಹೆಚ್ಚಿನ ವ್ಯತ್ಯಾಸಗಳು ಪ್ರೋಟೀನಿನ ಸೂಚನೆಯೊಳಗೆ ಇಲ್ಲ. ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುವ ಹೊರಭಾಗಗಳಲ್ಲಿವೆ. 21ನೇ ಕ್ರೋಮೋಸೋಮಿನಲ್ಲಿ ಜೀನ್‌ಗಳೇ ಇಲ್ಲದ ಒಂದು ಬಯಲಿನಲ್ಲಿ ಇಂಥದ್ದೊಂದು ವ್ಯತ್ಯಾಸ ಬಹಳ ಕಾಲ ಅರ್ಥವಾಗದೆ ಬಿದ್ದಿತ್ತು. 2024ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಜೇಮ್ಸ್ ಲೀ ಅವರ ತಂಡ, ಅದು ದೂರದಲ್ಲಿರುವ ಇಟಿಎಸ್-2 ಎಂಬ ಜೀನನ್ನು ಬಿಳಿ ರಕ್ತಕಣಗಳ ಒಂದು ಬಗೆಯಾದ ಮ್ಯಾಕ್ರೋಫೇಜ್‌ಗಳಲ್ಲಿ ಹೆಚ್ಚು ಕೆಲಸಕ್ಕೆ ಹಚ್ಚುತ್ತದೆ, ಉರಿಯೂತದ ಬಹುಪಾಲು ಕಾರ್ಯಗಳ ಮೇಸ್ತ್ರಿ ಅದೇ ಎಂದು ತೋರಿಸಿತು.

ನಮ್ಮ ದೇಶದಲ್ಲೂ ಹುಡುಕಾಟ ನಡೆದಿದೆ. ದೆಹಲಿ ವಿಶ್ವವಿದ್ಯಾಲಯದ ತೆಲ್ಮಾ ಅವರ ತಂಡ ಲುಧಿಯಾನದ ವೈದ್ಯರ ಜೊತೆ ಸೇರಿ, ಉತ್ತರ ಭಾರತದ ಕೊಲೈಟಿಸ್ ರೋಗಿಗಳಲ್ಲಿ ಮೂರು ಹೊಸ ಜಾಗಗಳನ್ನು 2015ರಲ್ಲಿ ವರದಿ ಮಾಡಿತು. ಯುರೋಪಿನ ಅಷ್ಟು ದೊಡ್ಡ ಪಟ್ಟಿಯಲ್ಲಿ ಅವು ಇರಲಿಲ್ಲ.

ಈ ಭಾಗದಲ್ಲಿ ನನಗೆ ಬಹಳ ಪ್ರಿಯವಾದ ಪ್ರಯೋಗವೊಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಎಟಿಜಿ-16-ಎಲ್-1 ಎಂಬ ಜೀನ್ ಕೋಶದೊಳಗಿನ ಕಸವನ್ನೂ ಒಳನುಗ್ಗಿದ ಸೂಕ್ಷ್ಮಜೀವಿಗಳನ್ನೂ ವಿಲೇವಾರಿ ಮಾಡುವ ಏರ್ಪಾಡಿಗೆ ಬೇಕಾದದ್ದು. ಅದರ ಒಂದು ವ್ಯತ್ಯಾಸ ಕ್ರೋನ್ಸ್‌ನ ಸಂಭವ ಹೆಚ್ಚಿಸುತ್ತದೆಂದು 2007ರಲ್ಲಿ ತಿಳಿಯಿತು. ಯುರೋಪಿನವರಲ್ಲಿ ಆ ಜೀನಿನ ಪ್ರತಿಗಳಲ್ಲಿ ಅರ್ಧದಷ್ಟು ಆ ವ್ಯತ್ಯಾಸವನ್ನೇ ಹೊತ್ತಿವೆ, ಅಷ್ಟು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ಈ ಜೀನನ್ನು ದುರ್ಬಲಗೊಳಿಸಿದ ಇಲಿಗಳನ್ನು ಬೆಳೆಸಿದರು. ಅವುಗಳ ಪ್ಯಾನೆತ್ ಕೋಶಗಳು ಅಸ್ತವ್ಯಸ್ತವಾಗಿದ್ದವು, ಕಾಳುಗಳ ಜೋಡಣೆ ಕೆಟ್ಟಿತ್ತು. ಕ್ರೋನ್ಸ್ ರೋಗಿಗಳಲ್ಲೂ ಅಂಥದ್ದನ್ನೇ ಕಂಡರು. ಅಲ್ಲಿಗೆ ಜೀನ್ ಕೆಟ್ಟಿತು, ಕೋಶ ಕೆಟ್ಟಿತು ಎಂದು ಮುಗಿಸಬಹುದಿತ್ತು. ಆದರೆ ಅವೇ ತಳಿಯ ಇಲಿಗಳನ್ನು ಇನ್ನೂ ಶುಚಿಯಾದ, ಸೋಂಕುಗಳಿಗೆ ಆಸ್ಪದವಿಲ್ಲದ ಬೇರೆ ಸಾಕಣೆ ಕೋಣೆಯಲ್ಲಿ ಬೆಳೆಸಿದಾಗ ಪ್ಯಾನೆತ್ ಕೋಶಗಳು ಚೆನ್ನಾಗಿಯೇ ಇದ್ದವು! ಜೀನ್ ಅದೇ, ಇಲಿ ಅದೇ. ಹುಡುಕುತ್ತಾ ಹೋದಾಗ ಸಿಕ್ಕದ್ದು ಹಳೆಯ ಕೋಣೆಯಲ್ಲಿದ್ದ ಒಂದು ನೊರೊವೈರಸ್. ಮಾಮೂಲಿ ಇಲಿಗೆ ಅದು ಬಂದರೂ ಏನೂ ಆಗುವುದಿಲ್ಲ. ದುರ್ಬಲ ಜೀನ್ ಇರುವ ಇಲಿಗೆ ವೈರಸ್ ಬಾರದಿದ್ದರೂ ಏನೂ ಆಗುವುದಿಲ್ಲ. ಎರಡೂ ಸೇರಿದರೆ ಮಾತ್ರ ಕೋಶ ಕೆಡುತ್ತದೆ. 2010ರಲ್ಲಿ ಪ್ರಕಟವಾದ ಈ ಕೆಲಸ, ‘ಜೀನೋ ಪರಿಸರವೋ’ ಎಂಬ ಹಳೆಯ ಚರ್ಚೆಯೇ ತಪ್ಪು ಚರ್ಚೆ ಎಂದು ನನಗೆ ಮನವರಿಕೆ ಮಾಡಿತು.

ಮನುಷ್ಯರಲ್ಲಿ ಇದಕ್ಕೆ ಸಾಕ್ಷಿ ವಲಸೆಯ ಇತಿಹಾಸ. ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋಗಿ ನೆಲೆಸಿದ ಭಾರತ ಮೂಲದವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಲ್ಲಿನ ಬಿಳಿಯರಿಗಿಂತಲೂ ಹೆಚ್ಚೆಂದು 1990ರ ದಶಕದ ಆರಂಭದಲ್ಲೇ ವರದಿಯಾಗಿತ್ತು. ಕೆನಡಾದ ಒಂಟಾರಿಯೊದಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಚಿಕ್ಕ ವಯಸ್ಸಿನಲ್ಲಿ ಬಂದವರಿಗೆ ಅಪಾಯ ಹೆಚ್ಚು, ದಕ್ಷಿಣ ಏಷ್ಯಾದವರ ಅಲ್ಲೇ ಹುಟ್ಟಿದ ಮಕ್ಕಳಿಗೆ ಉಳಿದ ಕೆನಡಾದ ಮಕ್ಕಳಷ್ಟೇ ಅಪಾಯ. ಒಂದು ತಲೆಮಾರಿನಲ್ಲಿ ಜೀನ್‌ಗಳು ಬದಲಾಗುವುದಿಲ್ಲ. ಬದಲಾದದ್ದು ಅವುಗಳ ಸುತ್ತಲಿನ ಬದುಕು. ಬಾಲ್ಯದ ಆಂಟಿಬಯಾಟಿಕ್, ಸಂಸ್ಕರಿಸಿದ ಆಹಾರ, ಕರುಳಿನ ಸೂಕ್ಷ್ಮಜೀವಿಗಳ ಬದಲಾವಣೆ, ಇವುಗಳ ಮೇಲೆ ಅನುಮಾನವಿದೆ. ಸಿಗರೇಟಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ: ಅದು ಕ್ರೋನ್ಸನ್ನು ಹೆಚ್ಚಿಸುತ್ತದೆ. ಕೊಲೈಟಿಸ್ ಸೇದುವವರಲ್ಲಿ ಕಡಿಮೆ ಎಂಬುದೂ ನಿಜ, ಆದರೆ ಆ ಕಾರಣಕ್ಕೆ ಯಾರೂ ಸಿಗರೇಟು ಹಚ್ಚುವುದು ಬೇಡ.

ಕೊನೆಯ ವಿಷಯಕ್ಕೆ ಬಂದೆ: ರೋಗಿಗೆ ಇದರಿಂದ ಏನು ಸಿಕ್ಕಿತು?

ಮೊದಲು ಬಹಳ ಪುಟ್ಟ ಮಕ್ಕಳ ಮಾತು. ಹುಟ್ಟಿದ ಕೆಲವೇ ತಿಂಗಳಲ್ಲಿ ಉಗ್ರವಾದ ಕರುಳಿನ ಉರಿಯೂತ ಬಂದರೆ ಅದು ನೂರಾರು ಸಣ್ಣ ಜೀನ್‌ಗಳ ಕಥೆಯಲ್ಲ. ಒಂದೇ ಜೀನ್ ಪೂರ್ತಿ ಕೆಟ್ಟಿರಬಹುದು. 2009ರಲ್ಲಿ ಜರ್ಮನಿಯ ವೈದ್ಯರು, ರಕ್ತಸಂಬಂಧದಲ್ಲಿ ಮದುವೆಯಾದ ಎರಡು ಕುಟುಂಬಗಳ ಇಂಥ ಮಕ್ಕಳಲ್ಲಿ ಇಂಟರ್‌ಲ್ಯೂಕಿನ್-10 ಎಂಬ ಶಮನಕಾರಿ ಸಂದೇಶವನ್ನು ಸ್ವೀಕರಿಸುವ ಪ್ರೋಟೀನೇ ಕೆಟ್ಟಿರುವುದನ್ನು ಕಂಡುಹಿಡಿದರು. ಅವರಲ್ಲೊಂದು ಮಗುವಿಗೆ ಅಸ್ಥಿಮಜ್ಜೆ ಕಸಿ ಮಾಡಿದಾಗ ಕಾಯಿಲೆ ಹಿಮ್ಮೆಟ್ಟಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೂರಕ್ಕೂ ಹೆಚ್ಚು ಸಲ ಆಪರೇಷನ್ ಕೋಣೆ ಕಂಡಿದ್ದ ಒಬ್ಬ ಪುಟ್ಟ ಹುಡುಗನ ಜೀನ್‌ಗಳನ್ನೆಲ್ಲ ಓದಿದಾಗ ಕೆಟ್ಟದ್ದು ಎಕ್ಸ್‌ಐಎಪಿ ಎಂಬ ಜೀನ್ ಎಂದು ತಿಳಿಯಿತು. 2010ರಲ್ಲಿ ಹೊಕ್ಕುಳಬಳ್ಳಿಯ ರಕ್ತದ ಕಸಿ ಅವನ ಕರುಳನ್ನು ಉಳಿಸಿತು.

ಇಲ್ಲಿ ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಮಾತಿದೆ. ಸೋದರಮಾವ, ಅತ್ತೆಮಗ, ಮಾವನ ಮಗಳು ಎಂದು ಸಂಬಂಧದೊಳಗೆ ಮದುವೆಯಾಗುವುದು ಕರ್ನಾಟಕದಲ್ಲಿ ಈಗಲೂ ಸುಮಾರು ನಾಲ್ಕರಲ್ಲಿ ಒಂದು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸಂಬಂಧ ಇಲ್ಲದಿದ್ದರೂ, ನೂರಾರು ವರ್ಷ ಒಳಗೊಳಗೇ ಮದುವೆಯಾದ ಸಮುದಾಯಗಳಲ್ಲಿ ಒಂದೇ ಪೂರ್ವಜನ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮೊದಲಾದವರು 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ಪರೀಕ್ಷಿಸಿ, 81ರಲ್ಲಿ ಈ ಪರಿಣಾಮ ಅಶ್ಕೆನಾಜಿ ಯಹೂದಿಗಳಿಗಿಂತಲೂ ಬಲವಾಗಿದೆ ಎಂದರು. ತಪ್ಪು ತಿಳಿಯಬಾರದು: ದೊಡ್ಡವರಿಗೆ ಬರುವ ಮಾಮೂಲಿ ಐಬಿಡಿಗೆ ಸೋದರ ಸಂಬಂಧದ ಮದುವೆ ಕಾರಣವಲ್ಲ. ಆದರೆ ಎರಡು ವರ್ಷದೊಳಗಿನ ಮಗುವಿಗೆ ನಿಲ್ಲದ ರಕ್ತಭೇದಿ, ಗುದದ ಸುತ್ತ ಕೀವಿನ ಹುಣ್ಣು, ತೂಕ ಏರದಿರುವುದು ಇದ್ದು, ತಂದೆತಾಯಿ ಸಂಬಂಧಿಕರಾಗಿದ್ದರೆ, ಜೀನ್ ಪರೀಕ್ಷೆ ಮಾಡಿಸಲೇಬೇಕು. ಅಲ್ಲಿ ಪರೀಕ್ಷೆಯ ಫಲಿತಾಂಶ ಚಿಕಿತ್ಸೆಯನ್ನೇ ಬದಲಿಸುತ್ತದೆ.

ದೊಡ್ಡವರಲ್ಲಿ ಜೀನ್ ಪರೀಕ್ಷೆಯ ನಿಜವಾದ ಉಪಯೋಗ ಇರುವುದು ಔಷಧದ ವಿಷಯದಲ್ಲಿ. ಅಜಥಯೊಪ್ರಿನ್ ನಮ್ಮಲ್ಲಿ ಬಹಳ ಬಳಕೆಯಲ್ಲಿರುವ, ಬೆಲೆ ಕಡಿಮೆಯಿರುವ, ಒಳ್ಳೆಯ ಮಾತ್ರೆ. ಆದರೆ ಕೆಲವರಿಗೆ ಶುರುಮಾಡಿದ ಕೆಲವೇ ವಾರಗಳಲ್ಲಿ ಬಿಳಿ ರಕ್ತಕಣ ಪಾತಾಳಕ್ಕಿಳಿಯುತ್ತದೆ, ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬರುತ್ತದೆ, ಜ್ವರ ಹಿಡಿದರೆ ಪ್ರಾಣಕ್ಕೇ ಕುತ್ತು. ಪಾಶ್ಚಾತ್ಯರು ಇದಕ್ಕೆ ಟಿಪಿಎಂಟಿ ಎಂಬ ಜೀನ್ ನೋಡುತ್ತಿದ್ದರು. ಅದು ಸರಿಯಿದ್ದರೂ ಏಷ್ಯಾದವರಲ್ಲಿ ಹೀಗಾಗುವುದೇಕೆಂದು ತಿಳಿದಿರಲಿಲ್ಲ. 2014ರಲ್ಲಿ ಕೊರಿಯಾದ ವೈದ್ಯರು ಉತ್ತರ ಕಂಡುಕೊಂಡರು: ಎನ್‌ಯುಡಿಟಿ-15 ಎಂಬ ಇನ್ನೊಂದು ಜೀನಿನ ವ್ಯತ್ಯಾಸ. ಯುರೋಪಿನಲ್ಲಿ ಅಪರೂಪವಾದ ಅದು ಭಾರತೀಯರಲ್ಲಿ ಹತ್ತರಲ್ಲೊಬ್ಬರ ಆಸುಪಾಸಿನಲ್ಲಿದೆ. ಒಂದು ಪ್ರತಿ ಇದ್ದರೆ ಕಡಿಮೆ ಪ್ರಮಾಣದಲ್ಲಿ ಶುರುಮಾಡಬೇಕು, ಎರಡೂ ಇದ್ದರೆ ಮಾತ್ರೆಯ ಗೋಜಿಗೇ ಹೋಗಬಾರದು. ನನ್ನ ದೃಷ್ಟಿಯಲ್ಲಿ, ಈ ಇಡೀ ಕ್ಷೇತ್ರದಿಂದ ನಮ್ಮ ದೇಶದ ರೋಗಿಗೆ ಸಿಕ್ಕ ಅತ್ಯಂತ ಉಪಯುಕ್ತ ತಿಳಿವಳಿಕೆ ಇದು, ನಾಡ್-2 ಅಲ್ಲ.

ಹೊಸ ಔಷಧಗಳ ದಿಕ್ಕನ್ನೂ ಜೀನ್‌ಗಳು ತೋರಿವೆ. ಇಂಟರ್‌ಲ್ಯೂಕಿನ್-23 ಎಂಬ ಸಂದೇಶವನ್ನು ಸ್ವೀಕರಿಸುವ ಪ್ರೋಟೀನಿನ ಜೀನಿನಲ್ಲಿ ಒಂದು ವ್ಯತ್ಯಾಸ ಇರುವವರಿಗೆ ಕಾಯಿಲೆ ಬರುವುದು ಕಡಿಮೆ ಎಂದು 2006ರಲ್ಲಿ ಗೊತ್ತಾಯಿತು. ಹುಟ್ಟಿನಿಂದಲೇ ಆ ದಾರಿ ಮಂದವಾಗಿರುವವರು ಕ್ಷೇಮವಾಗಿದ್ದಾರೆಂದರೆ, ಔಷಧದಿಂದ ಅದನ್ನು ಮಂದಗೊಳಿಸಬಹುದಲ್ಲ ಎಂಬ ಯೋಚನೆಗೆ ಬಲ ಬಂತು. ಅದನ್ನು ತಡೆಯುವ ರಿಸಾಂಕಿಝುಮ್ಯಾಬ್ ಎಂಬ ಚುಚ್ಚುಮದ್ದಿಗೆ 2022ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಬೆಲೆ ನಮ್ಮ ಬಹುತೇಕ ರೋಗಿಗಳ ಕೈಗೆಟುಕುವಂಥದ್ದಲ್ಲ.

ಮುಂದೆ ಯಾರಿಗೆ ಐಬಿಡಿ ಬರುತ್ತದೆಂದು ಹೇಳುತ್ತೇವೆ, ಎಂಜಲು ಕಳಿಸಿ ಎಂದು ಜಾಹೀರಾತು ಕೊಡುವವರಿದ್ದಾರೆ. ಆರೋಗ್ಯವಾಗಿರುವವರು ಅದಕ್ಕೆ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಅಜಥಯೊಪ್ರಿನ್ ಶುರುಮಾಡಬೇಕಾದ ರೋಗಿಗೆ ಎನ್‌ಯುಡಿಟಿ-15 ಪರೀಕ್ಷೆ ಮಾಡಿಸಬಹುದು. ಮನೆಯಲ್ಲಿ ಒಬ್ಬರಿಗೆ ಐಬಿಡಿ ಇದ್ದು, ಇನ್ನೊಬ್ಬರಿಗೆ ಎರಡು ಮೂರು ವಾರ ಮಲದಲ್ಲಿ ರಕ್ತ ಹೋದರೆ ಮೂಲವ್ಯಾಧಿ ಎಂದು ಸುಮ್ಮನಿರಬೇಡಿ, ತೋರಿಸಿ.

ಒಂದು ಕೋರಿಕೆಯೊಂದಿಗೆ ನಿಲ್ಲಿಸುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜಿನೋಮ್ ಇಂಡಿಯಾ ಯೋಜನೆ ದೇಶದ 10,000 ಜನರ ಜೀನ್‌ಗಳನ್ನು ಓದಿದೆ. 2025ರ ಜನವರಿಯಿಂದ ಆ ಮಾಹಿತಿ ಸಂಶೋಧಕರಿಗೆ ದೊರೆಯುತ್ತಿದೆ. ಅದು ಹೆಚ್ಚಾಗಿ ಆರೋಗ್ಯವಂತರ ಪಟ್ಟಿ. ಅದರ ಎದುರು ಇಟ್ಟು ನೋಡಲು ರೋಗಿಗಳ ಪಟ್ಟಿ ಬೇಕು, ಅದರಲ್ಲೂ ದಕ್ಷಿಣದ ರೋಗಿಗಳದ್ದು. ಇಲ್ಲಿರುವ ಕಿರಿಯ ವೈದ್ಯರು ಐಬಿಡಿ ರೋಗಿಯ ಕೇಸ್ ಶೀಟಿನಲ್ಲಿ ಮೂರು ತಲೆಮಾರಿನ ವಿವರವನ್ನೂ, ತಂದೆತಾಯಿಯ ಸಂಬಂಧವನ್ನೂ ತಪ್ಪದೆ ಬರೆಯಿರಿ. ರೋಗಿಗಳು ಮತ್ತು ಅವರ ಮನೆಯವರು, ಒಪ್ಪಿಗೆ ಪತ್ರ ಓದಿ ಅರ್ಥಮಾಡಿಕೊಂಡ ಮೇಲೆ, ಸಂಶೋಧನೆಗೆಂದು ಐದು ಎಂಎಲ್ ರಕ್ತ ಕೇಳಿದರೆ ದಯವಿಟ್ಟು ಇಲ್ಲವೆನ್ನಬೇಡಿ.